ದೊಡ್ಡ ಪುಸ್ತಕದ ಮೂರನೆಯ ಸಾಲು

ಮೊಳಕಾಲ್ಮೂರು
9-6-1996

ಚಳ್ಳಕೆರೆಯ ಶ್ರೀಮತಿ ಶಶಿರೇಖಾ ಮೇಡಂ ಅವರಿಗೆ,

ನಮಸ್ಕಾರ. ನನ್ನ ಪರಿಚಯ ನಿಮಗಿಲ್ಲ. ಹೆಸರು ಪಾಲಾಕ್ಷ, ಇಲ್ಲಿ ನೀರುಗಂಟಿ. ಬೆಳಿಗ್ಗೆ ವಾಲ್ವ್ ತಿರುಗಿಸಿ ಬೀದಿಗಳಿಗೆ ನೀರು ಬಿಡುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿ ಓದಿದ್ದೇನೆಂದು ಓಣಿಯವರ ಅರ್ಜಿಗಳನ್ನೆಲ್ಲ ನನ್ನ ಕೈಯಲ್ಲೇ ಬರೆಸುತ್ತಾರೆ. ನನ್ನ ಮನೆಯ ಅರ್ಜಿ ಬರೆಯುತ್ತಿರುವುದು ಇದೇ ಮೊದಲು.

ಹೋದ ವಾರ ಹೋಟೆಲಿನಲ್ಲಿ ಪೇಪರ್ ನೋಡಿದೆ. ನಿಮ್ಮ ಪ್ರಾರ್ಥನಾಲಯ ಕಟ್ಟಿ ಬರುವ ವರ್ಷಕ್ಕೆ ಎಪ್ಪತ್ತೈದು ತುಂಬುತ್ತದೆ, ಅಲ್ಲಿನ ಮೊದಲ ಕನ್ನಡ ಸಭಾಪಾಲಕರಾಗಿದ್ದ ರೆವರೆಂಡ್ ಜಾನ್ ಮಾರಯ್ಯನವರ ಚರಿತ್ರೆಯನ್ನು ಅವರ ಮೊಮ್ಮಗಳಾದ ನೀವು ಸಭೆಯ ಹಳೆಯ ದಾಖಲೆ ನೋಡಿ ಬರೆಯುತ್ತಿದ್ದೀರಿ, ಅವರ ವಿಷಯ ಗೊತ್ತಿದ್ದವರು ತಿಳಿಸಬೇಕು ಎಂದು ಅದರಲ್ಲಿತ್ತು. ಆ ತುಂಡು ಕಾಗದವನ್ನು ಕೇಳಿ ಪಡೆದು ಮನೆಗೆ ತಂದು ಅವ್ವನಿಗೆ ಓದಿ ಹೇಳಿದೆ.

ನನ್ನ ಅವ್ವ ಸಿದ್ದಕ್ಕನಿಗೆ ಈಗ ಎಂಬತ್ತೆರಡು. ರಾಂಪುರದ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು. ಊರಲ್ಲಿ ಜಗಳವಾದಾಗಲೆಲ್ಲ ಅವಳನ್ನು 'ಪಾದ್ರಿ ಮಗಳು' ಅಂತ ಬೈಯುತ್ತಿದ್ದರು. ಅದು ಬೈಗುಳವಲ್ಲ, ನಿಜ ಅನ್ನುತ್ತಾಳೆ ಅವ್ವ. ಮಾರಯ್ಯ ಅವಳ ಅಪ್ಪ. ಅವನು ಮತ ಸೇರಿದಾಗ ಅವನ ಹೆಂಡತಿ, ಅಂದರೆ ನನ್ನ ಅಜ್ಜಿ ಕೆಂಚಕ್ಕ, ಸೇರಲಿಲ್ಲ. ಅವಳ ಅಣ್ಣತಮ್ಮಂದಿರು ಗಾಡಿ ಕಟ್ಟಿಕೊಂಡು ಬಂದು ತಾಯಿ ಮಗುವನ್ನು ಕರೆದುಕೊಂಡು ಹೋದರಂತೆ. ಅವ್ವನಿಗೆ ಆಗ ವರ್ಷವೂ ತುಂಬಿರಲಿಲ್ಲ.

ಕೆಂಚಕ್ಕ ಸಾಯುವ ತನಕ ಒಂದು ಮಾತು ಹೇಳುತ್ತಿದ್ದಳು: "ನಿಮ್ಮಪ್ಪ ನಿನ್ನ ದೊಡ್ಡ ಪುಸ್ತಕದಾಗೆ ಬರ್ದವ್ನೆ. ಯಾರೇನಂದ್ರೂ ಅದು ಅಳಿಸಾಕಿಲ್ಲ." ಆ ಪುಸ್ತಕ ನಿಮ್ಮಲ್ಲಿ ಇರಬೇಕು. ಅವ್ವನಿಗೆ ಬೇಕಾದದ್ದು ಇಷ್ಟೇ. ತಾನು ಅದರಲ್ಲಿ ಇದ್ದೇನೋ ಇಲ್ಲವೋ. ಆಸ್ತಿ ಪಾಸ್ತಿಯ ಆಸೆ ನಮಗಿಲ್ಲ. ಒಂದು ಕಾರ್ಡಿನಲ್ಲಿ 'ಇದ್ದಾಳೆ' ಅಂತ ಬರೆದರೂ ಸಾಕು.

ತೊಂದರೆ ಕೊಟ್ಟಿದ್ದಕ್ಕೆ ಮನ್ನಿಸಿ.
ಪಾಲಾಕ್ಷ


ಚಳ್ಳಕೆರೆ
2-7-1996

ಶ್ರೀ ಪಾಲಾಕ್ಷ ಅವರಿಗೆ,

ನಿಮ್ಮ ಪತ್ರ ತಲುಪಿತು. ನೀವು ವಿನಯದಿಂದ ಬರೆದಿದ್ದೀರಿ, ಆದ್ದರಿಂದ ನಾನೂ ವಿನಯದಿಂದಲೇ ಹೇಳುತ್ತೇನೆ. ನಿಮ್ಮ ತಾಯಿಯವರಿಗೆ ಎಲ್ಲೋ ತಪ್ಪು ತಿಳಿವಳಿಕೆಯಾಗಿದೆ. ನನ್ನ ತಾತನಿಗೆ ಒಬ್ಬಳೇ ಮಗಳು. ಅವಳೇ ನನ್ನ ತಾಯಿ ಕೃಪಾವತಿ. ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡಳು. ಅವಳಿಗೆ ಅಕ್ಕ ಒಬ್ಬಳಿದ್ದಳು ಎಂದು ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಹೇಳಿದ್ದಿಲ್ಲ.

ಈ ಸೀಮೆಯಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಒಬ್ಬ ಮಾರಯ್ಯನ ತಲೆಗೆ ಬೀಳುತ್ತದೆ. ಆ ಕಾಲದಲ್ಲಿ ಮಿಷನ್ನಿಗೆ ಸೇರಿದವರೂ ಒಬ್ಬಿಬ್ಬರಲ್ಲ. ನಿಮ್ಮವರು ಬೇರೆ ಯಾರೋ ಇರಬೇಕು.

ನಾನು ಹುಟ್ಟುವ ನಾಲ್ಕು ವರ್ಷ ಮೊದಲೇ ತಾತ ತೀರಿಕೊಂಡರು. ಆದರೆ ಅವರ ಸತ್ಯವೇದ, ಕನ್ನಡಕ, ಅವರು ಕೂರುತ್ತಿದ್ದ ಕುರ್ಚಿ ನನ್ನ ಮನೆಯಲ್ಲೇ ಇವೆ. ಅವರನ್ನು ನೋಡದಿದ್ದರೂ ಅವರ ಜೊತೆಗೇ ಬೆಳೆದವಳು ನಾನು. ನಮ್ಮ ಯಜಮಾನರು "ನಿನ್ನ ತಾತನ್ನ ನೀನೇ ಹೆತ್ತಂಗೆ ಆಡ್ತೀಯ" ಎಂದು ತಮಾಷೆ ಮಾಡುತ್ತಾರೆ.

ದಾಖಲೆಗಳೆಲ್ಲ ಅಯ್ಯನವರ, ಅಂದರೆ ಈಗಿನ ಸಭಾಪಾಲಕರ, ಮನೆಯಲ್ಲಿ ಒಂದು ಮರದ ಪೆಟ್ಟಿಗೆಯಲ್ಲಿವೆ. ದೀಕ್ಷಾಸ್ನಾನದ ಪುಸ್ತಕ, ಮದುವೆಯ ಪುಸ್ತಕ, ಸಮಾಧಿಯ ಪುಸ್ತಕ, ಸಭೆಯ ನಡಾವಳಿ, ಎಲ್ಲ ಸೇರಿ ಹದಿನಾಲ್ಕು. ಶಾಲೆ ಮುಗಿಸಿ ಶನಿವಾರ ಮಾತ್ರ ನೋಡಲು ಸಾಧ್ಯ. ಕಣ್ಣಿಗೆ ಬಿದ್ದರೆ ತಿಳಿಸುತ್ತೇನೆ. ಬೀಳುವುದಿಲ್ಲ ಎಂದುಕೊಂಡಿದ್ದೇನೆ.

ಶಶಿರೇಖಾ


ಮೊಳಕಾಲ್ಮೂರು
11-8-1996

ಮೇಡಂ ಅವರಿಗೆ,

ಉತ್ತರ ಬರೆದಿರಿ, ದೊಡ್ಡ ಉಪಕಾರ. ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಕುರ್ಚಿಯ ವಿಷಯ ಬಂದಾಗ ಇನ್ನೊಂದು ಸಲ ಓದಿಸಿದಳು. "ಕೈ ಇರೋ ಕುರ್ಚಿನಾ, ಇಲ್ದಿರೋದಾ?" ಎಂದು ಕೇಳಿದಳು. ನನಗೇನು ಗೊತ್ತು.

ನೀವು ಹೇಳಿದ್ದು ಸರಿ, ಮಾರಯ್ಯಗಳು ಬೇಕಾದಷ್ಟು ಜನ. ಅದಕ್ಕೇ ಅವ್ವನನ್ನು ಕೂರಿಸಿಕೊಂಡು ಏನಾದರೂ ಗುರುತು ಹೇಳು ಅಂದೆ. ಅವಳು ಇದುವರೆಗೆ ನನಗೂ ಹೇಳದ ಒಂದು ವಿಷಯ ಹೇಳಿದಳು.

ಅವ್ವನಿಗೆ ಆರೇಳು ವರ್ಷವಿದ್ದಾಗ ಬಾವಿ ಹತ್ತಿರ ಮೇಕೆ ಕಾಯುತ್ತಿದ್ದಳಂತೆ. ಕರಿ ಕೋಟು ಹಾಕಿಕೊಂಡು ಛತ್ರಿ ಹಿಡಿದ ಒಬ್ಬ ಮನುಷ್ಯ ದಾರಿ ಬಿಟ್ಟು ಬಂದು ಹೆಸರು ಕೇಳಿದ. ಹೇಳಿದಳು. ಕಡಲೆ ಬೆಲ್ಲ ಕೊಟ್ಟ. ಎಡಗೈಯನ್ನು ಕೋಟಿನ ಜೇಬಿನಲ್ಲೇ ಇಟ್ಟುಕೊಂಡಿದ್ದವನು, ಇವಳ ಮೂಗು ಒರೆಸಲು ಆ ಕೈ ತೆಗೆದ. ಕಿರುಬೆರಳು ಇರಲಿಲ್ಲ. ಮನೆಗೆ ಬಂದು ಹೇಳಿದರೆ ಮಾವಂದಿರು ದೊಣ್ಣೆ ಹಿಡಿದು ಹೊರಡುತ್ತಾರೆಂದು ಅವಳು ಯಾರಿಗೂ ಹೇಳಲಿಲ್ಲ. ಕೆಂಚಕ್ಕ ಒಂದು ದಿನ ತಾನಾಗಿಯೇ, ಅವನು ಹುಡುಗನಿದ್ದಾಗ ಮೇವು ಕೊಯ್ಯುವಾಗ ಕುಡುಗೋಲಿಗೆ ಬೆರಳು ಹೋಯಿತು ಅಂದಾಗ ಅವ್ವನಿಗೆ ಅದು ಯಾರೆಂದು ತಿಳಿಯಿತು.

ನಿಮ್ಮ ತಾತನ ಎಡಗೈ ಹೇಗಿತ್ತು? ಇಲ್ಲದಿದ್ದರೆ ಇಲ್ಲ ಅಂತಲೇ ಬರೆಯಿರಿ, ನಾನು ಮತ್ತೆ ಕೇಳುವುದಿಲ್ಲ.

ಪಾಲಾಕ್ಷ


ಚಳ್ಳಕೆರೆ
28-9-1996

ಶ್ರೀ ಪಾಲಾಕ್ಷ ಅವರಿಗೆ,

ತಡವಾಯಿತು. ಶಾಲೆಯಲ್ಲಿ ಕಿರುಪರೀಕ್ಷೆಗಳ ಗಡಿಬಿಡಿ.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕುತ್ತ ದೀಕ್ಷಾಸ್ನಾನದ ಮೊದಲನೆಯ ಪುಸ್ತಕವನ್ನು ಕೈಗೆತ್ತಿಕೊಂಡೆ. ಪುಸ್ತಕದ ಕೊನೆಯಲ್ಲಿ ಅಕಾರಾದಿಯಾಗಿ ಹೆಸರಿನ ಪಟ್ಟಿ ಇದೆ. ಹೆಸರು, ತಂದೆಯ ಹೆಸರು, ನಂಬರು, ಇಸವಿ, ಇಷ್ಟೇ. 'ಸ' ಅಕ್ಷರದಲ್ಲಿ ಮೂವತ್ತೊಂದು ಹೆಸರುಗಳಿವೆ. ಸಿದ್ದಕ್ಕ ಎಂಬುದು ಇಲ್ಲ. ಮೂರು ಸಲ ನೋಡಿದೆ. ನಿಮ್ಮ ತಾಯಿಯವರಿಗೆ ಬೇಸರವಾಗುತ್ತದೆಂದು ಗೊತ್ತು, ಆದರೆ ಇಲ್ಲದ್ದನ್ನು ಇದೆ ಎನ್ನಲಾಗುವುದಿಲ್ಲ.

ಹುಡುಕುವಾಗ ನನಗೊಂದು ಭಾಗ್ಯ ಸಿಕ್ಕಿತು, ಅದನ್ನು ಹೇಳದೆ ಇರಲಾರೆ. 'ಕ' ಅಕ್ಷರದಲ್ಲಿ 'ಕೃಪಾವತಿ, ಉಪದೇಶಿ ಮಾರಯ್ಯನ ಮಗಳು, ನಂಬರ್ 3, 1914' ಎಂದಿದೆ. ತಾತ ಸಭಾಪಾಲಕರಾಗುವ ಮೊದಲು ಉಪದೇಶಿ, ಅಂದರೆ ಊರೂರಿಗೆ ಹೋಗಿ ಬೋಧಿಸುವವರು, ಆಗಿದ್ದರು. ಮೊದಲಿನ ಇಬ್ಬರು ದೊಡ್ಡವರೆಂದು ಸಭೆಯಲ್ಲಿ ಎಲ್ಲರಿಗೂ ಗೊತ್ತು. ಅಂದರೆ ಈ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಮಕ್ಕಳಲ್ಲಿ ನನ್ನ ತಾಯಿಯೇ ಮೊದಲನೆಯವಳು. ಶಾಲೆಯ ದಾಖಲೆಯಲ್ಲಿ ಅವಳು ಹುಟ್ಟಿದ್ದು 1918 ಎಂದಿದೆ. ಸ್ಕೂಲಿಗೆ ಸೇರಿಸುವಾಗ ಎಲ್ಲರಂತೆ ನಮ್ಮವರೂ ವಯಸ್ಸು ಇಳಿಸಿ ಬರೆಸಿದ್ದಾರೆ. ತಾತನಂಥ ಸತ್ಯವಂತರೂ ಈ ವಿಷಯದಲ್ಲಿ ಊರಿನಂತೆಯೇ ಇದ್ದರಲ್ಲ ಎಂದು ನಗು ಬಂತು. ಉತ್ಸವದ ಸಮಿತಿಗೆ ಆಗಲೇ ಹೇಳಿದ್ದೇನೆ. ಸ್ಮರಣ ಪುಸ್ತಕದ ಮೊದಲ ಪುಟದಲ್ಲೇ ಅವಳ ಹೆಸರು ಹಾಕುತ್ತಾರೆ.

ಇನ್ನು ಕೈಯ ಮಾತು. ನನ್ನ ಹತ್ತಿರ ತಾತನ ಒಂದೇ ಒಂದು ಫೋಟೋ ಇದೆ. ಅದರಲ್ಲಿ ಅವರು ಸತ್ಯವೇದ ಹಿಡಿದು ಕೂತಿದ್ದಾರೆ. ಕೈ ಸರಿಯಾಗಿ ಕಾಣುವುದಿಲ್ಲ.

ಶಶಿರೇಖಾ


ಮೊಳಕಾಲ್ಮೂರು
3-11-1996

ಅಕ್ಕನವರಿಗೆ,

ಹೀಗೆ ಕರೆದಿದ್ದಕ್ಕೆ ಕೋಪ ಮಾಡಿಕೊಳ್ಳಬೇಡಿ. ಕಾರಣ ಹೇಳುತ್ತೇನೆ.

ನಿಮ್ಮ ಪತ್ರ ಬಂದ ದಿನ ಅವ್ವ ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಸಿದ್ದಕ್ಕನೆಂಬ ಹೆಸರಿಲ್ಲ ಅನ್ನುವ ಜಾಗವನ್ನು ಓದಿದೆ. ಸುಮ್ಮನೆ ಬಿಡಿಸುತ್ತಲೇ ಇದ್ದಳು. ಕೃಪಾವತಿ ಅನ್ನುವ ಜಾಗ ಬಂದಾಗ ಕೈ ನಿಲ್ಲಿಸಿದಳು. "ಇನ್ನೊಂದ್ಸಲ ಓದು" ಅಂದಳು. ಓದಿದೆ. "ಅದು ನಾನು" ಅಂದಳು.

ಕೆಂಚಕ್ಕ ಹೊಲದಲ್ಲಿ ಇಬ್ಬರೇ ಇದ್ದಾಗ ಅವಳನ್ನು ಆ ಹೆಸರಿನಿಂದ ಕರೆಯುತ್ತಿದ್ದಳಂತೆ. ಮನೆಯಲ್ಲಿ, ಅಣ್ಣತಮ್ಮಂದಿರ ಎದುರಿಗೆ, ಸಿದ್ದಕ್ಕ. ಮೊದಲೇ ಯಾಕೆ ಹೇಳಲಿಲ್ಲ ಅಂತ ನಾನು ರೇಗಿದೆ. "ನಾನೇ ಹೇಳಿದ್ರೆ ಹೇಳಿಕೊಟ್ಟಂಗಾಗ್ತಿತ್ತು ಕಣಪ್ಪ. ಪುಸ್ತಕ ತಾನಾಗೇ ಹೇಳ್ಲಿ ಅಂತ ಇದ್ದೆ" ಅಂದಳು. ಆಮೇಲೆ ತೆಲುಗಿನಲ್ಲಿ ಏನೇನೋ ಗೊಣಗಿಕೊಂಡಳು. ಕೋಪ ಬಂದರೆ ಅವಳು ತೆಲುಗಿಗೆ ಹೋಗುತ್ತಾಳೆ. ಕೋಪ ನಿಮ್ಮ ಮೇಲಲ್ಲ. ತನ್ನ ಹೆಸರನ್ನು ಅಪ್ಪ ಇನ್ನೊಬ್ಬಳಿಗೆ ಕೊಟ್ಟನಲ್ಲ ಎಂಬುದಕ್ಕೆ. ಹುಣಸೆ ಮರಕ್ಕೆ ಮುಪ್ಪಾದರೆ ಹುಳಿಗೆ ಮುಪ್ಪೇ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ನನ್ನದು ಒಂದೇ ಬೇಡಿಕೆ. ನೀವು ನೋಡಿರುವುದು ಹಿಂದಿನ ಪಟ್ಟಿ. ಮುಂದಿನ ಹಾಳೆಯಲ್ಲಿ ಮೂರನೆಯ ನಂಬರಿಗೆ ತಾಯಿಯ ಹೆಸರೂ ಬರೆದಿರುತ್ತಾರಲ್ಲವೇ? ಅಲ್ಲಿ ನಿಮ್ಮ ಅಜ್ಜಿಯ ಹೆಸರಿದ್ದರೆ ನಾವು ಸೋತೆವು. ಕೆಂಚಕ್ಕ ಎಂದಿದ್ದರೆ ಅಷ್ಟನ್ನು ಬರೆದು ತಿಳಿಸಿ.

ನಿಮ್ಮ ತಮ್ಮನಂಥ
ಪಾಲಾಕ್ಷ


ಚಳ್ಳಕೆರೆ
20-12-1996

ಶ್ರೀ ಪಾಲಾಕ್ಷ ಅವರಿಗೆ,

ನೀವು ಹೇಳಿದ ಹಾಳೆಯನ್ನು ನೋಡಿದೆ. ಅಲ್ಲಿ ಗೆದ್ದಲು ಹಿಡಿದಿದೆ. ತಾಯಿಯ ಹೆಸರಿನ ಜಾಗ ಓದಲು ಬರುವುದಿಲ್ಲ.

ನನ್ನ ತಾಯಿಯ ಹೆಸರು ನನ್ನ ತಾಯಿಯದು. ಯಾರೋ ಹೊಲದಲ್ಲಿ ಯಾರನ್ನೋ ಏನೆಂದೋ ಕರೆದರೆ ಅದು ದಾಖಲೆಯಾಗುವುದಿಲ್ಲ. ನನ್ನನ್ನು ಅಕ್ಕ ಎನ್ನಬೇಡಿ. ಈ ವಿಷಯದಲ್ಲಿ ಇನ್ನು ಪತ್ರ ಬೇಡ.

ಶಶಿರೇಖಾ


ಮೊಳಕಾಲ್ಮೂರು
19-1-1997

ಮೇಡಂ ಅವರಿಗೆ,

ಬೇಡ ಅಂದಿದ್ದೀರಿ, ಇದೊಂದೇ ಬರೆದು ಮುಗಿಸುತ್ತೇನೆ.

ಗೆದ್ದಲಿನ ವಿಷಯ ಅವ್ವನಿಗೆ ಹೇಳಿದೆ. "ಗೆದ್ಲು ತಿಂದ್ರೆ ತಿನ್ಲಿ, ಬರ್ದಿದ್ದಂತೂ ಬರ್ದವ್ನೆ" ಅಂದಳು. ಅವಳಿಗೆ ಅಷ್ಟು ಸಾಕಾಗಿದೆ ಎಂದು ತೋರಿಸಿಕೊಳ್ಳುತ್ತಾಳೆ. ಆದರೆ ಪೋಸ್ಟ್‌ಮ್ಯಾನ್ ಓಣಿಗೆ ಬಂದರೆ ಎದ್ದು ಬಾಗಿಲಿಗೆ ಬರುತ್ತಾಳೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ದಸರಾ ಮುಗಿದ ಮೇಲೆ ಪಂಪಿನ ಸಾಮಾನು ತರಲು ಚಳ್ಳಕೆರೆಗೆ ಬಂದಿದ್ದೆ. ಭಾನುವಾರ. ನಿಮ್ಮ ಪ್ರಾರ್ಥನಾಲಯದ ಎದುರಿನ ಬೇವಿನ ಮರದ ಕೆಳಗೆ ನಿಂತೆ. ಬಂದವರಲ್ಲಿ ನೀವು ಯಾರೆಂದು ಯಾರನ್ನೂ ಕೇಳಬೇಕಾಗಲಿಲ್ಲ. ನಡಿಗೆ ನನ್ನ ಅವ್ವನದೇ. ಬಲಗಾಲು ಸ್ವಲ್ಪ ಹೊರಗೆ ಹಾಕಿ, ತಲೆ ಎತ್ತಿ. ಎಲ್ಲರೂ ನಿಮಗೆ ದಾರಿ ಬಿಟ್ಟರು. ಮೊದಲ ಬೆಂಚಿನಲ್ಲಿ ಕೂತಿರಿ.

ಆಗ ನನಗೆ ಹೊಟ್ಟೆ ಉರಿಯಿತು, ಮುಚ್ಚುಮರೆ ಯಾಕೆ. ನಿಮ್ಮ ತಾಯಿಗೆ ಶಾಲೆ ಸಿಕ್ಕಿತು, ಕುರ್ಚಿ ಸಿಕ್ಕಿತು, ಹೆಸರಿನ ಹಿಂದೆ ಟೀಚರ್ ಅಂತ ಸಿಕ್ಕಿತು. ನನ್ನ ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತಳು. ಅಪ್ಪ ಇಬ್ಬರಿಗೂ ಒಬ್ಬನೇ. ಮಾತಾಡಿಸಿದರೆ ಈ ಉರಿ ಬಾಯಿಗೆ ಬಂದೀತು ಎಂದು ಸುಮ್ಮನೆ ಬಸ್ಸು ಹತ್ತಿದೆ.

ಪಾಲಾಕ್ಷ


ಚಳ್ಳಕೆರೆ
23-11-1997

ಪಾಲಾಕ್ಷ ಅವರಿಗೆ,

ಹತ್ತು ತಿಂಗಳಾದವು. ಇದು ನನ್ನ ಆರನೆಯ ಕಾಗದ. ಐದನ್ನು ಹರಿದು ಹಾಕಿದೆ.

ಹೋದ ಭಾನುವಾರ ಉತ್ಸವ ಆಯಿತು. ಎಲ್ಲೆಲ್ಲಿಂದಲೋ ಜನ ಬಂದಿದ್ದರು. ಸ್ಮರಣ ಪುಸ್ತಕದ ಮೊದಲ ಪುಟದಲ್ಲಿ 'ಈ ಸಭೆಯ ಮೊದಲ ಮಗು ಕೃಪಾವತಿ, 1914' ಎಂದು ಅಚ್ಚಾಗಿದೆ, ಪಕ್ಕದಲ್ಲಿ ನನ್ನ ತಾಯಿಯ ಫೋಟೋ. ಅಯ್ಯನವರು ಅದನ್ನು ಗಟ್ಟಿಯಾಗಿ ಓದಿದರು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ತಲೆ ಬಗ್ಗಿಸಿ ಕೂತೆ. ಎಷ್ಟು ವಿನಯ ಎಂದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದಾಗಿತ್ತು.

ಹಾಳೆಗೆ ಗೆದ್ದಲು ಹಿಡಿದಿಲ್ಲ. ಹಿಡಿದಿರಲೂ ಇಲ್ಲ. ಮೂರನೆಯ ಸಾಲು ಹೀಗಿದೆ: 'ಕೃಪಾವತಿ. ವಯಸ್ಸು ಐದು ತಿಂಗಳು. ಮನೆಯಲ್ಲಿ ಕರೆಯುವ ಹೆಸರು ಸಿದ್ದಕ್ಕ. ತಂದೆ ಮಾರಯ್ಯ, ಉಪದೇಶಿ. ತಾಯಿ ಕೆಂಚಕ್ಕ, ಸಭೆಗೆ ಸೇರಿದವಳಲ್ಲ.' ಕೊನೆಯಲ್ಲಿ ದೊರೆಯ, ಅಂದರೆ ಆಗಿನ ಬಿಳಿ ಮಿಷನರಿಯ, ಸಹಿ ಇದೆ. ಆದರೆ ಸಾಲು ಬರೆದದ್ದು ದೊರೆಯಲ್ಲ. ಆಗ ಪುಸ್ತಕ ಬರೆಯುವ ಕೆಲಸ ಉಪದೇಶಿಯದು. ಅದು ತಾತನ ಅಕ್ಷರ. ಅವರ ಸತ್ಯವೇದದ ಅಂಚಿನಲ್ಲಿ ಅದೇ ಅಕ್ಷರವನ್ನು ನೋಡಿಕೊಂಡು ನಾನು ದೊಡ್ಡವಳಾದೆ.

ಮದುವೆಯ ಪುಸ್ತಕವನ್ನೂ ತೆಗೆದೆ. ನನ್ನ ಅಜ್ಜಿಯ ಜೊತೆ ಅವರ ಮದುವೆ ಆಗಿದ್ದು 1917ರಲ್ಲಿ. ವರನ ಹೆಸರಿನ ಮುಂದೆ 'ವಿಧುರ' ಎಂದು ಬರೆದಿದೆ. ಕೆಂಚಕ್ಕನೂ ಮಗುವೂ ಸತ್ತರೆಂದು ಯಾರಾದರೂ ಸುಳ್ಳು ಹೇಳಿ ಕಳಿಸಿದ್ದರೋ, ಇವರೇ ಹಾಗೆ ಬರೆಸಿದರೋ, ಪುಸ್ತಕ ಹೇಳುವುದಿಲ್ಲ. ನನ್ನ ತಾಯಿ ಹುಟ್ಟಿದ್ದು 1918ರಲ್ಲಿಯೇ. ಯಾರೂ ವಯಸ್ಸು ಇಳಿಸಿರಲಿಲ್ಲ.

ಇನ್ನೊಂದಿದೆ. ನಮ್ಮ ಮೆಥೊಡಿಸ್ಟರಲ್ಲಿ ಸಭಾಪಾಲಕರನ್ನು ಒಂದೇ ಕಡೆ ಬಿಡುವುದಿಲ್ಲ, ಮೂರು ವರ್ಷಕ್ಕೆ ಎತ್ತಿ ಬೇರೆ ಕಡೆ ಹಾಕುತ್ತಾರೆ. ಎಲ್ಲಿಗೆ ಹಾಕಿದರೂ ಹೋಗಬೇಕು, ಇಂಥದ್ದೇ ಊರು ಬೇಕೆಂದು ಕೇಳುವವರು ಕಡಿಮೆ. ಎರಡು ಸಲ, 1925ರಲ್ಲಿ ಮತ್ತು 1931ರಲ್ಲಿ, ತಾತ ತಮ್ಮನ್ನು ಮೊಳಕಾಲ್ಮೂರು ಕಡೆಗೆ ಹಾಕಬೇಕೆಂದು ಕೇಳಿಕೊಂಡದ್ದು ನಡಾವಳಿಯಲ್ಲಿದೆ. ಸ್ವಂತ ಊರಿನ ಕಡೆ ಹಾಕುವ ರೂಢಿಯಿಲ್ಲವೆಂದು ತಳ್ಳಿಹಾಕಿದ್ದಾರೆ. ಆ ಕಡೆಯ ಬಡವರ ಮೇಲೆ ತಾತನಿಗೆ ಬಹಳ ಪ್ರೀತಿ ಎಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದೆವು.

ಕಿರುಬೆರಳು ಇರಲಿಲ್ಲ. ನನ್ನ ತಾಯಿ ಒಮ್ಮೆ ಹೇಳಿದ್ದಳು. ನಿಮ್ಮ ಆಗಸ್ಟ್ ತಿಂಗಳ ಕಾಗದ ಓದಿದ ದಿನವೇ ಅದು ನನ್ನ ತಾತನೇ ಎಂದು ನನಗೆ ಗೊತ್ತಾಗಿತ್ತು. ಆ ಕೈ ನಿಮ್ಮ ತಾಯಿಯ ಮೂಗು ಒರೆಸಿತು ಎಂದು ಓದಿ ನಾನು ಕಾಗದವನ್ನು ಅಕ್ಕಿ ಡಬ್ಬದ ಕೆಳಗೆ ಹಾಕಿಟ್ಟೆ, ನಮ್ಮ ಯಜಮಾನರಿಗೂ ತೋರಿಸಲಿಲ್ಲ. ನೀವು ಬಾಯಿಗೆ ಬಂದೀತೆಂದು ಬಸ್ಸು ಹತ್ತಿದ ಉರಿ ನನ್ನದೂ ಹೌದು. ನೀವು ಹೇಳಿಕೊಂಡಿರಿ, ನಾನು ಹೇಳಿಕೊಳ್ಳಲಿಲ್ಲ. ನನಗಿದ್ದವರು ಅವರೊಬ್ಬರೇ, ಅವರನ್ನು ಹಂಚಿಕೊಳ್ಳಲು ಮನಸ್ಸು ಬರಲಿಲ್ಲ.

ನಿಮ್ಮ ತಾಯಿಯವರನ್ನು ಕರೆದುಕೊಂಡು ಬನ್ನಿ. ಪುಸ್ತಕ ತೋರಿಸುತ್ತೇನೆ.

ಶಶಿರೇಖಾ


ಮೊಳಕಾಲ್ಮೂರು
7-12-1997

ಮೇಡಂ,

ನೀವು ಲೆಕ್ಕದ ಟೀಚರೆಂದು ನಿಮ್ಮ ಊರಿನ ಕಂಡಕ್ಟರ್ ಹೇಳಿದ. ಎಂಬತ್ತಮೂರು ವರ್ಷದವಳ ಒಂದು ವರ್ಷ ಎಷ್ಟಾಗುತ್ತದೆಂದು ನೀವೇ ಲೆಕ್ಕ ಹಾಕಿ. ಹೋದ ಮಳೆಗಾಲದಲ್ಲಿ ಜ್ವರ ಬಂದು ಅವ್ವ ಹದಿನೆಂಟು ದಿನ ಮಲಗಿದ್ದಳು. ಆಗಲೇ ಹೋಗಿಬಿಟ್ಟಿದ್ದರೆ ನೀವು ಈ ಕಾಗದವನ್ನು ಯಾರಿಗೆ ಬರೆಯುತ್ತಿದ್ದಿರಿ?

ಕಾಗದ ಓದಿದಾಗ ನನಗೆ ಬಂದ ಕೋಪಕ್ಕೆ ವಾಲ್ವ್ ತಿರುಗಿಸುವುದನ್ನೇ ಮರೆತು ಎರಡು ಬೀದಿಗೆ ನೀರಿಲ್ಲದೆ ಬೈಸಿಕೊಂಡೆ. ಬರುವುದಿಲ್ಲ ಎಂದು ಬರೆಯಲು ಕೂತಿದ್ದೆ. ಅವ್ವ ಪೆನ್ನು ಕಿತ್ತುಕೊಂಡಳು. "ಆಯಮ್ಮ ಸುಳ್ಳು ಹೇಳಿದ್ಲು, ಅದು ಸುಳ್ಳು ಅಂತ್ಲೂ ಆಯಮ್ಮನೇ ಹೇಳಿದ್ಲು. ನಿನಗ್ಯಾಕೆ ಉರೀತೈತೆ? ಹೋಗಾನ ನಡಿ" ಅಂದಳು.

ಸಂಕ್ರಾಂತಿ ಕಳೆದ ಮೇಲೆ, ಹದಿನೇಳನೇ ತಾರೀಖು ಶನಿವಾರ ಬರುತ್ತೇವೆ. ಹಾರ ತುರಾಯಿ ಬೇಡ. ಅವಳನ್ನು ಜನರ ಮುಂದೆ ನಿಲ್ಲಿಸಬೇಡಿ. ಪುಸ್ತಕ ತೋರಿಸಿ, ಸಂಜೆ ಬಸ್ಸಿಗೆ ಕಳಿಸಿಕೊಡಿ.

ಪಾಲಾಕ್ಷ


ಚಳ್ಳಕೆರೆ
25-1-1998

ಪಾಲಾಕ್ಷ,

ನೀನು ಎನ್ನುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ನಿನ್ನ ಅವ್ವ ನನ್ನ ಕೈ ಹಿಡಿದು "ಇವ್ನು ನಿನಗಿಂತ ಸಣ್ಣೋನು, ನೀನು ಅನ್ನು" ಎಂದು ಅಪ್ಪಣೆ ಮಾಡಿದ್ದಾಳೆ. ನೀನು ನನ್ನನ್ನು ಏನೆಂದು ಕರೆಯಬೇಕೆಂಬುದು ನಿನಗೆ ಬಿಟ್ಟದ್ದು. ಅವತ್ತು ಇಡೀ ದಿನ ನನ್ನ ಮುಖ ನೋಡಿ ಮಾತಾಡಲಿಲ್ಲ, ಅದು ನ್ಯಾಯವೇ.

ಈ ದಿನ ಆರಾಧನೆಯಲ್ಲಿ ಎದ್ದು ನಿಂತು ಹೇಳಿದೆ. ಸ್ಮರಣ ಪುಸ್ತಕದ ಮೊದಲ ಪುಟ ಸುಳ್ಳು, ಸುಳ್ಳೆಂದು ಗೊತ್ತಿದ್ದೇ ನಾನು ಅಚ್ಚು ಹಾಕಿಸಿದೆ, ಈ ಸಭೆಯ ಮೊದಲ ಮಗು ಮೊಳಕಾಲ್ಮೂರಿನ ಸಿದ್ದಕ್ಕ, ಕೆಂಚಕ್ಕನ ಮಗಳು, ಬದುಕಿದ್ದಾಳೆ ಎಂದೆ. ಆಚೆ ಬಂದಾಗ ಇಬ್ಬರು ಮೂವರು ನನಗೆ ಮುಖ ಕೊಡದೆ ಹೋದರು. ಅದು ಇರಲಿ. ನಾನು ಬರೆಯಬೇಕಾಗಿರುವುದು ಬೇರೆ.

ಅವತ್ತು ನೀನು ಅಯ್ಯನವರ ಜೊತೆ ಆಚೆ ಟೀ ಕುಡಿಯಲು ಹೋದೆಯಲ್ಲ, ಆಗ ನಡೆದದ್ದು ನಿನಗೆ ಗೊತ್ತಿಲ್ಲ. ನಿನ್ನ ಅವ್ವ ಹೇಳಿರುವುದೂ ಅನುಮಾನ.

ನೀನಿದ್ದಾಗ ಅವಳು ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ಕೂತಿದ್ದಳು. ನೀನು ಹೋದ ಮೇಲೆ "ನಿಮ್ಮವ್ವಂದು ತೋರ್ಸು" ಅಂದಳು. ನನಗೆ ಇಷ್ಟವಿರಲಿಲ್ಲ. ಯಾಕೆಂದು ನಿನಗೂ ಬರೆದಿರಲಿಲ್ಲ. ಪುಟ ತಿರುಗಿಸಿದೆ. ನೂರಾ ಹನ್ನೊಂದನೆಯ ನಂಬರು, 1918. ಹಿಂದಿನ ಪಟ್ಟಿಯಲ್ಲಿ ಬಿಟ್ಟುಹೋಗಿದ್ದ ಸಾಲು. ಅವಳು ಕಣ್ಣು ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಓದಲು ಬಾರದವಳು, ಆದರೂ ಕೇಳಿದಳು: "ಇದ್ಯಾಕೆ ಅಕ್ಸರ ಬ್ಯಾರೆ ಐತೆ?"

"ಅದು ಮಿಷನ್ನಿನ ಗುಮಾಸ್ತರು ಬರೆದಿದ್ದು" ಎಂದೆ.

"ನಿಮ್ಮವ್ವಂದು ಅವ್ನು ಬರೀಲಿಲ್ವಾ?"

ಇಲ್ಲ ಎಂದೆ. ನಾನು ಒಂದು ವರ್ಷ ನುಂಗಿಕೊಂಡಿದ್ದು ಇದನ್ನೇ, ಪಾಲಾಕ್ಷ. ಆ ವರ್ಷವೂ ಪುಸ್ತಕ ಬರೆಯುವ ಕೆಲಸ ಅವರದೇ. ನನ್ನ ತಾಯಿಯ ಹಿಂದಿನ ಸಾಲು ಅವರ ಅಕ್ಷರ, ಮುಂದಿನ ಸಾಲು ಅವರ ಅಕ್ಷರ. ಊರಿನವರ ಮಕ್ಕಳನ್ನೆಲ್ಲ ಬರೆದವರು ನನ್ನ ತಾಯಿಯನ್ನು ಮಾತ್ರ ಗುಮಾಸ್ತರ ಕೈಯಲ್ಲಿ ಬರೆಸಿದ್ದಾರೆ. ಅಪ್ಪ ತನ್ನನ್ನು ಎತ್ತಿಕೊಂಡ ನೆನಪೇ ಇಲ್ಲ ಎಂದು ನನ್ನ ತಾಯಿ ಸಾಯುವ ತನಕ ಅನ್ನುತ್ತಿದ್ದಳು. ನಾನು ಅವಳನ್ನೇ ಗದರಿಸುತ್ತಿದ್ದೆ, ದೇವರಂಥ ಮನುಷ್ಯನನ್ನು ಹಾಗನ್ನಬೇಡ ಎಂದು. ಆ ಎರಡು ಹಾಳೆಗಳನ್ನು ಹಿಂದೆ ಮುಂದೆ ತಿರುವಿ ನೋಡಿದ ಶನಿವಾರ, ನಿನ್ನ ಅವ್ವ ಬದುಕಿರುವುದೇ ನನಗೆ ಬೇಡವಾಗಿತ್ತು. ಬರೆಯಬಾರದ ಮಾತು, ಆದರೂ ಬರೆದಿದ್ದೇನೆ.

ಇದನ್ನೆಲ್ಲ ಅವಳಿಗೆ ನಾನು ಹೇಳಲಿಲ್ಲ. ಇಲ್ಲ ಎಂದು ಮಾತ್ರ ಹೇಳಿ ಪುಸ್ತಕ ಮುಚ್ಚಲು ಹೋದೆ. ಅವಳು ಮುಚ್ಚಲು ಬಿಡಲಿಲ್ಲ. ನನ್ನ ತಾಯಿಯ ಸಾಲಿನ ಮೇಲೂ ಕೈಯಾಡಿಸಿ ಅಂದಳು: "ಒಂದ್ಸಲ ಬರ್ದು ಕಳ್ಕಂಡವ್ನು. ಎಲ್ಡನೇ ಸಲ ಬರ್ಯಾಕೆ ಕೈ ಹೆದ್ರಿರ್ತೈತೆ, ಇದೂ ಹೋದ್ರೆ ಏನು ಮಾಡ್ಲಿ ಅಂತ. ನಿಮ್ಮವ್ವನ ಮ್ಯಾಲೆ ಆಸೆ ಇಲ್ದೆ ಅಲ್ಲ ತಾಯಿ."

ಆರು ವರ್ಷದವಳಿದ್ದಾಗ ಒಂದು ಗಳಿಗೆ ಕಂಡ ಮನುಷ್ಯನ ಮನಸ್ಸನ್ನು ಅವಳು ಹೀಗೆ ಬಲ್ಲಳು. ಜೀವಮಾನವೆಲ್ಲ ಅವರ ಕುರ್ಚಿ ಒರೆಸಿದ ನನಗೆ ಅದು ಹೊಳೆದಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳುವುದಿಲ್ಲ.

ನೀನು ಟೀ ಮುಗಿಸಿ ಒಳಗೆ ಬಂದಾಗ ನಾನು ಅಳುತ್ತಿದ್ದೆ, ನೀನು ಬಾಗಿಲಲ್ಲೇ ನಿಂತುಬಿಟ್ಟೆ. ಕ್ಷಮೆ ಕೇಳುತ್ತಿದ್ದಾಳೆ ಎಂದುಕೊಂಡಿರಬೇಕು. ಕೇಳಬೇಕೆಂದೇ ಕೂತಿದ್ದೆ. ಆದರೆ ನನ್ನ ತಾಯಿಗೆ ಬದುಕಿರುವಾಗ ಯಾರೂ ಹೇಳದ ಮಾತನ್ನು ದೊಡ್ಡಮ್ಮ ಹೇಳಿಬಿಟ್ಟಿದ್ದಳು, ಅವಳ ಕೈ ಹಿಡಿದುಕೊಂಡು ನಾನು ಕೇಳಿಸಿಕೊಳ್ಳುತ್ತಿದ್ದೆ. ಕ್ಷಮೆ ಕೇಳುವುದು ಹಾಗೇ ಉಳಿದಿದೆ. ಈ ಕಾಗದ ಅವಳಿಗೆ ಓದಿ ಹೇಳು.

ಶಶಿರೇಖಾ